ಹೊಸ್ತಿಲಾಚೆ ಉಣ್ಣುವ ಕಡಲ ಹೂವು

ನೀಲಗಂಗಮ್ಮ: ಹೂವಿಗೆ ಬಿಸಲು ತೋರಸಾಕಂತ? ನಮ್ಮ ಅಂಗಳದಾಗ ಬಿಸಲಿಗೆ ಬರ ಬಂದದೇನು? ಪಕ್ಕದ ಮನಿ ಸುಗ್ರಾ ಬೇಗಂ ಅಂಗಳದಾಗ ಬ್ಯಾರೆ ಸೂರ್ಯ ಅದಾನೇನು?

ಅಂಬಮ್ಮ: ಹಂಗಲ್ರಿ ಅತ್ತಿ. ಅಲ್ಲಿ ಬೇವಿನ ಗಿಡದ ನೆಳ್ಳು ಅದರಿ.

ನೀಲಗಂಗಮ್ಮ: ಬಿಸಲು ತೋರಸಾಕ ನೆಳ್ಳಿಗೆ ಒಯ್ಯಾಕತ್ತೀಯೇನು?

ಅಂಬಮ್ಮ ಹೊಸ್ತಿಲಲ್ಲೇ ಸಿಕ್ಕಿಬಿದ್ದಿದ್ದಳು. ಕಂಕುಳಲ್ಲಿ ಎರಡು ವರ್ಷದ ಮಗಳು ಚನ್ನಿ, ಕೈಯಲ್ಲಿ ಪ್ಲಾಸ್ಟಿಕ್ ಬಕೀಟು, ಅದರ ಮೇಲೆ ಹಳೇ ಸೀರೆಯ ತುಂಡು. ಒಳಗೆ ಉಪ್ಪುನೀರಿನಲ್ಲಿ, ಕಲ್ಲಿಗೆ ಅಂಟಿಕೊಂಡು ಕುಳಿತಿದ್ದದ್ದು ಕಡಲ ಹೂವು. ಅವಳ ಗಂಡ, ಅಕ್ಕಿ ಗಿರಣಿಯ ಗಡಿಗೆಪ್ಪ, ಲಾರಿಯ ಜೊತೆ ಕಾರವಾರಕ್ಕೆ ಹೋದವನು ಈ ಹೂವನ್ನೂ ಒಂದು ಮೀನನ್ನೂ ತಂದು ಪಡಸಾಲೆಯ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದ. ಅಂದಿನಿಂದ ಆ ಲಾರಿ ಅಕ್ಕಿ ಇಳಿಸಿ, ಕ್ಯಾನುಗಟ್ಟಲೆ ಸಮುದ್ರದ ನೀರು ಹೊತ್ತು ಮಾನ್ವಿಗೆ ಮರಳುತ್ತಿತ್ತು. ಟಿ.ವಿ. ಇನ್ನೂ ಕಾಲಿಡದ ಓಣಿಯಲ್ಲಿ ಜನ ಸಂಜೆ ಈ ಪೆಟ್ಟಿಗೆಯ ಮುಂದೆಯೇ ಬಂದು ಕೂರುತ್ತಿದ್ದರು.

ಮೀನು ಮಾಂಸ ಹೊಸ್ತಿಲು ದಾಟದ ಆ ಮನೆಗೆ ಮೀನು ಹೊಕ್ಕ ದಿನ ಅತ್ತೆ ನೀಲಗಂಗಮ್ಮ ಊಟ ಬಿಟ್ಟಿದ್ದರು. ಆದರೆ ಆ ಕೇಸರಿ ಮೀನಿನ ಮೈಮೇಲೆ ಮೂರು ಬಿಳಿ ಪಟ್ಟೆಗಳಿದ್ದವು. ‘ವಿಭೂತಿ ಹಚಗೊಂಡದ’ ಎಂದು ತಾವೇ ಅದಕ್ಕೆ ಶರಣಪ್ಪನೆಂದು ಹೆಸರಿಟ್ಟು ಮನೆಗೆ ಸೇರಿಸಿಕೊಂಡರು. ಹೂವಿನ ಬಗ್ಗೆ ತಕರಾರೇ ಬರಲಿಲ್ಲ. ಹೂವು ತಾನೇ.

ಅಂಬಮ್ಮನಿಗೆ ಆ ಪೆಟ್ಟಿಗೆ ಬೇರೆಯೇ ಕಾರಣಕ್ಕೆ ಬೇಕಿತ್ತು. ತುತ್ತು ಕಂಡರೆ ಹಲ್ಲು ಕಚ್ಚಿ ಮುಖ ತಿರುಗಿಸುತ್ತಿದ್ದ ಚನ್ನಿ, ಹೂವು ಎಸಳು ಬಿಚ್ಚಿದಾಗ, ಶರಣಪ್ಪ ಅದರೊಳಗೆ ಹೊಕ್ಕು ಹೊರಬರುವುದನ್ನು ನೋಡುತ್ತ ಬಾಯಿ ತೆರೆಯುತ್ತಿದ್ದಳು. ಹೂವು ಮುದುಡಿದರೆ ಚನ್ನಿಯ ಬಾಯಿಯೂ ಬಂದ್. ಅದು ಮುದುಡಬಾರದೆಂದರೆ ಪ್ರತಿ ಗುರುವಾರ ಉಣ್ಣಬೇಕು. ಏನು ಉಣ್ಣುತ್ತದೆಂಬುದು ಗಂಡ ಹೆಂಡತಿಗೂ ಪಕ್ಕದ ಮನೆಯ ಸುಗ್ರಾ ಬೇಗಮರಿಗೂ ಮಾತ್ರ ಗೊತ್ತಿತ್ತು. ಅವ್ವನ ಕಣ್ಣು ತಪ್ಪಿಸಿ ಬೇಗಮರ ಮನೆಗೆ ಬಕೀಟು ಒಯ್ಯುವುದು ಗಡಿಗೆಪ್ಪನ ಕೆಲಸ. ಇವತ್ತು ಅವನು ಗಿರಣಿಯಿಂದ ಬಂದಿರಲಿಲ್ಲ. ಹೂವು ಮಾತ್ರ ಬದನೇಕಾಯಿಯಂತೆ ಮುದುಡಿ ಕುಳಿತಿತ್ತು.

ನೀಲಗಂಗಮ್ಮ: ಖರೇ ಹೇಳು ಬೇ.

ಅಂಬಮ್ಮ: ಅದಕ್ಕ ಆರಾಮಿಲ್ರಿ. ಮಂದಿ ದೃಷ್ಟಿ ಆಗ್ಯದ. ಸುಗ್ರಾ ಬೇಗಂ ತಗೀತೀನಿ ಅಂದಾರ.

ನೀಲಗಂಗಮ್ಮ: ದೃಷ್ಟಿ ತಗಿಯಾಕ ನಾ ಸತ್ತೀನೇನು? ಚನ್ನಿಗೆ ತಗದಾಕಿ ಯಾರು? ನಿನ್ನ ಗಂಡಗ ತಗದಾಕಿ ಯಾರು? ಇಳಸು ಬಕೀಟು. ಉಪ್ಪು ಮೆಣಸಿನಕಾಯಿ ತರತೀನಿ.

ಅಂಬಮ್ಮ: ಉಪ್ಪು ಒಳಗ ಅದರಿ ಅತ್ತಿ.

ನೀಲಗಂಗಮ್ಮ: ಹಂಗಾದ್ರ ಬರೇ ಮೆಣಸಿನಕಾಯಿ ಸಾಕು.

ಒಳಗೆ ಹೋದ ನೀಲಗಂಗಮ್ಮ ಮುಷ್ಟಿ ತುಂಬ ಒಣಮೆಣಸಿನಕಾಯಿ ಹಿಡಿದು ಬಂದು, ಬಕೀಟಿನ ಸುತ್ತ ನಿವಾಳಿಸತೊಡಗಿದರು. ಅಷ್ಟರಲ್ಲಿ ಕಾಂಪೌಂಡಿನ ಗೋಡೆಯ ಮೇಲೆ ಸುಗ್ರಾ ಬೇಗಮರ ತಲೆ ಕಾಣಿಸಿತು.

ಸುಗ್ರಾ ಬೇಗಂ: ಅಂಬವ್ವಾ, ಎಲ್ಲಿ ನಮ್ಮ ಮೆಹಮಾನ? ಆಗಲೇ ದಾರಿ ಕಾಯಾಕತ್ತೀನಿ.

ನೀಲಗಂಗಮ್ಮ: ಮೆಹಮಾನ? ಯಾವ ಅತಿಥಿ ಬರಾಕತ್ತಾರ?

ಅಂಬಮ್ಮ: ಯಾರಿಲ್ರಿ.

ಸುಗ್ರಾ ಬೇಗಂ: ಯಾರಿಲ್ಲಂದ್ರ ಹೆಂಗ? ಹೊಳಿ ಮೀನ ಸಣ್ಣಗ ಹೆಚ್ಚಿ ಇಟ್ಟೀನಿ. ಬೆಕ್ಕು ಅಲ್ಲೇ ಸುತ್ತಾಕತ್ತದ.

ಮೆಣಸಿನಕಾಯಿ ಹಿಡಿದ ಅತ್ತೆಯ ಕೈ ಗಾಳಿಯಲ್ಲೇ ನಿಂತಿತು.

ನೀಲಗಂಗಮ್ಮ: ನಮ್ಮ ಮನಿಂದ ನಿಮ್ಮ ಮನಿಗೆ ಮೀನ ತಿನ್ನಾಕ ಯಾರು ಬರತಾರ?

ಸುಗ್ರಾ ಬೇಗಂ ಅಂಬಮ್ಮನನ್ನು ನೋಡಿದರು. ಅಂಬಮ್ಮ ಬಕೀಟು ನೋಡಿದಳು. ನೀಲಗಂಗಮ್ಮನೂ ಬಕೀಟು ನೋಡಿದರು.

ನೀಲಗಂಗಮ್ಮ: ಹೂವಾ?

ಅಂಬಮ್ಮ: ಹೌದ್ರಿ.

ನೀಲಗಂಗಮ್ಮ: ಹೂವು ಮೀನ ತಿಂತದ?

ಅಂಬಮ್ಮ: ನೋಡಾಕ ಹೂವು, ಖರೇ ಅಂದ್ರ ಸಮುದ್ರದ ಜೀವರಿ. ಅದರ ಹುಟ್ಟು ಗುಣ. ನಾವೇನು ಕಲಿಸಿಲ್ಲ.

ನೀಲಗಂಗಮ್ಮ: ಅಯ್ಯ ಶಿವನೇ. ನಮ್ಮ ಶರಣಪ್ಪ ಅದರ ಉಡ್ಯಾಗ ಮಲಗತಾನಲ್ಲ ಬೇ. ಅವನ್ನ ನುಂಗಿದ್ರ?

ಅಂಬಮ್ಮ: ಅವಗೇನೂ ಮಾಡಂಗಿಲ್ರಿ. ವಿಭೂತಿ ನೋಡಿ ಬಿಡತದ.

ನೀಲಗಂಗಮ್ಮ: ನನಗ ಪುರಾಣ ಹೇಳಬ್ಯಾಡ. ಚೆಲ್ಲು ಮೋರಿಗೆ.

ಅಂಬಮ್ಮ ಬಕೀಟನ್ನು ಸೀರೆಯ ಹಿಂದಕ್ಕೆ ಸರಿಸಿದಳು.

ಅಂಬಮ್ಮ: ಒಂದು ಮಾತು ಕೇಳ್ರಿ. ಈ ಹೊಸ್ತಿಲ ದಾಟಿ ಮೀನದ ಒಂದು ಚೂರರ ಒಳಗ ಬಂದದೇನು? ನಿಮ್ಮ ಆಚಾರಕ್ಕ ಧಕ್ಕಿ ಆಗಬಾರದಂತ ಹೂವನ್ನ ಹೊರಗ ಒಯ್ದು ಉಣಸಿ ತರತೀವಿ.

ನೀಲಗಂಗಮ್ಮ: ಹೊರಗ ಉಂಡದ್ದು ಹೊರಗೇ ಇಟ್ಟು ಬರತದೇನು? ಹೊಟ್ಟ್ಯಾಗ ಇಟಗೊಂಡು ಒಳಗ ಬರತದಿಲ್ಲೋ?

ಗಂಡ ಹೆಂಡತಿ ಕೂಡಿ ಹೊಸ್ತಿಲಿನ ವಿಚಾರ ಮಾಡಿದ್ದರೇ ಹೊರತು ಹೊಟ್ಟೆಯ ವಿಚಾರ ಮಾಡಿರಲಿಲ್ಲ.

ಅಂಬಮ್ಮ: ಆತು, ಚೆಲ್ಲತೀನಿ. ನಾಳಿಂದ ಚನ್ನಿಗೆ ನೀವೇ ಉಣಸ್ರಿ.

ನೀಲಗಂಗಮ್ಮ ಮೊಮ್ಮಗಳನ್ನು ನೋಡಿದರು. ಉಣ್ಣುವ ಮಾತು ಕೇಳಿದ್ದೇ ಚನ್ನಿ ಹಲ್ಲು ಕಚ್ಚಿ ಮುಖ ತಿರುಗಿಸಿದಳು. ಅಷ್ಟರಲ್ಲಿ ತಲೆ ತುಂಬ ತೌಡಿನ ದೂಳು ಹೊತ್ತು ಗಡಿಗೆಪ್ಪ ಬಂದ.

ಗಡಿಗೆಪ್ಪ: ಯಾಕ ಎಲ್ಲಾರೂ ಬಾಗಲದಾಗ ನಿಂತೀರಿ?

ನೀಲಗಂಗಮ್ಮ: ನಿನ್ನ ಹೂವಿನ ಊಟದ ಸುದ್ದಿ ಹೊರಬಿತ್ತು.

ಗಡಿಗೆಪ್ಪ ಮೊದಲು ಹೆಂಡತಿಯ ಕೈಯಿಂದ ಬಕೀಟು ತೆಗೆದುಕೊಂಡ. ಆಮೇಲೆ ಮಾತಾಡಿದ.

ಗಡಿಗೆಪ್ಪ: ಯವ್ವಾ, ಮನಿ ಹೊರಗ ತಿಂದದ್ದು ಮನಿಗೆ ಹತ್ತಂಗಿಲ್ಲ. ಅಪ್ಪನೇ ಅಂತಿದ್ದ.

ತೀರಿಹೋದ ಮಾವನನ್ನು ಈ ಜಗಳಕ್ಕೆ ಎಳೆದದ್ದು ಕೇಳಿ, ಇನ್ನು ಹೂವಿನ ಕಥೆ ಮುಗಿಯಿತೆಂದೇ ಅಂಬಮ್ಮ ತಿಳಿದಳು. ಆದರೆ ಅತ್ತೆ ಮೆಣಸಿನಕಾಯಿಯನ್ನು ಕಟ್ಟೆಯ ಮೇಲೆ ಮೆಲ್ಲಗೆ ಇಟ್ಟರು.

ನೀಲಗಂಗಮ್ಮ: ಅಂತಿದ್ರು. ಇದೇ ಬೇಗಂ ಮನ್ಯಾಗ ಅಕ್ಕಿ ಧಾರಣಿ ಮಾತಾಡಿ ಬರತೀನಂತ ಹೋಗತಿದ್ರು. ಬರೂದರಾಗ ನಾ ಇಲ್ಲೇ ತಂಬಿಗಿ ಹಿಡಕೊಂಡು ನಿಂತಿರತಿದ್ದೆ. ಬಾಯಿ ಮುಕ್ಕಳಿಸದ ಒಳಗ ಬಿಟ್ಟಿಲ್ಲ. ಕಡೀತನಾ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಸುಗ್ರಾ ಬೇಗಂ: ಯಾ ಅಲ್ಲಾ, ನಿಮಗ ಗೊತ್ತಿತ್ತೇನು?

ನೀಲಗಂಗಮ್ಮ: ಬಾಯಿ ವಾಸನಿನೇ ಹೇಳತಿತ್ತು. ಏಲಕ್ಕಿ ಲವಂಗ ಹಾಕಿ ಅಕ್ಕಿ ಧಾರಣಿ ಮಾತಾಡೋರು ಎಲ್ಲೆರ ಅದಾರೇನು ಬೇಗಂ? ಒಯ್ಯಿ ಮಗನೇ, ಉಣಸು. ಬಾಯಿ ತೊಳಸಿ ಒಳಗ ತಾ.

ಗಡಿಗೆಪ್ಪ ಅಂಗಳ ದಾಟುವ ಅವಸರದಲ್ಲಿದ್ದ.

ನೀಲಗಂಗಮ್ಮ: ನಿಂದರು. ಬೇಗಂ, ಆ ಹೂವು ಎಷ್ಟು ತಿಂತದ?

ಸುಗ್ರಾ ಬೇಗಂ: ಬೆರಳ ತುದಿಯಷ್ಟು. ಮುಟ್ಟಿಸಿದ್ರ ಸಾಕು, ಗಪ್ಪನ ಹಿಡಕೊಂತದ.

ಅಂಬಮ್ಮ: ಮತ್ತ ಇವರು ತಾಸುಗಟ್ಟಲೆ ಯಾಕ ಕುಂದರತಾರ? ಹೂವು ಭಾಳ ನಿಧಾನ ಉಣ್ಣತದ ಅಂತಿದ್ರಲ್ಲ.

ಸುಗ್ರಾ ಬೇಗಂ ಸೆರಗು ಸರಿಮಾಡಿಕೊಂಡರು.

ಸುಗ್ರಾ ಬೇಗಂ: ಬೇಟಿ, ಮೆಹಮಾನ ಜೋಡಿ ಬಂದವರನ್ನ ಹಸದು ಕಳಸೂದು ನಮ್ಮ ರಿವಾಜಲ್ಲ.

ಗಡಿಗೆಪ್ಪ ಬಕೀಟಿನೊಳಗೆ ಇಣುಕಿ ನೋಡುತ್ತ ನಿಂತ, ಹೂವಾದರೂ ತನ್ನ ಪರ ಒಂದು ಮಾತು ಆಡೀತೆಂಬಂತೆ. ನೀಲಗಂಗಮ್ಮ ಒಳಗಿನಿಂದ ತಂಬಿಗೆ ತಂದು ಸೊಸೆಯ ಕೈಗಿಟ್ಟರು.

ನೀಲಗಂಗಮ್ಮ: ಹಿಡಿ. ಇನ್ನ ಇದು ನಿನ್ನ ಪಾಳಿ. ಹೂವಿನ ಬಾಯಿ ಅದರ ಉಪ್ಪುನೀರಿಂದಲೇ ತೊಳಿ. ಇವಗ ಮಾತ್ರ ಎರಡು ತಂಬಿಗಿ ಇಡು. ಇಂವ ಅವರಪ್ಪಗಿಂತ ಹೆಚ್ಚು ಹೊತ್ತು ಕುಂದರತಾನ.