ಹರಿಹರದ ಆದರ್ಶ ರೋಗಿ

ಏಪ್ರಿಲ್ ತಿಂಗಳ ಎರಡನೆಯ ಭಾನುವಾರ, ಬೆಳಗ್ಗೆ ಹನ್ನೊಂದೂವರೆಗೆ, ಹರಿಹರದ ನೌಮಾನನನ್ನು ನನ್ನ ಮನೆಯ ಮಹಡಿಯ ಮೇಲೆಯೇ ಸೋಲಿಸಿ ಕಳಿಸುವುದೆಂದು ನಾನು ತೀರ್ಮಾನಿಸಿದೆ. ಆಯುಧ: ಬೆಣ್ಣೆದೋಸೆ!

ನೌಮಾನ್ ನಿಮಗೇನು ಅನ್ಯಾಯ ಮಾಡಿದ್ದ ಎಂದು ಕೇಳುತ್ತೀರಿ. ಹೇಳುತ್ತೇನೆ. ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ. ಚಿಕ್ಕದಾಗಿ ಎಂಎಸ್. ನರಗಳ ಮೇಲಿನ ಹೊದಿಕೆಯನ್ನು ನಮ್ಮ ದೇಹವೇ ಕೆರೆದು ಹಾಕುತ್ತದೆ. ವೈರಿನ ಪ್ಲಾಸ್ಟಿಕ್ಕನ್ನು ಇಲಿ ಕಡಿದ ಹಾಗೆ. ಇಲಿಯೂ ನಮ್ಮ ಮನೆಯದೇ! ಕೆಲವು ದಿನ ಕಾಲು ಮಾತು ಕೇಳುವುದಿಲ್ಲ, ಕೆಲವು ದಿನ ಕಣ್ಣು. ಸುಸ್ತು ಮಾತ್ರ ರಜೆಯಿಲ್ಲದ ನೌಕರ. ಹೀಗೆ ಐದು ವರ್ಷ. ಮೊದಲು ಹೆದರಿದೆ. ಆಮೇಲೆ, ನಿಜ ಹೇಳಬೇಕೆಂದರೆ, ಸ್ವಲ್ಪ ಹೆಮ್ಮೆಯೂ ಬಂತು. ದಾವಣಗೆರೆಯ ನಮ್ಮ ಆನೆಕೊಂಡ ಬಡಾವಣೆಯಲ್ಲಿ ಸಕ್ಕರೆ ಕಾಯಿಲೆಯವರು ಬೀದಿಗೆ ಇಪ್ಪತ್ತು ಜನ. ಎಂಎಸ್ ಇರುವವನು ನಾನೊಬ್ಬನೇ! ಕಾಲೇಜಿನಲ್ಲಿ ನಾನು ಇತಿಹಾಸದ ಉಪನ್ಯಾಸಕ. ಸ್ಟಾಫ್ ರೂಮಿನಲ್ಲಿ ಕಾಯಿಲೆಯ ಪೂರ್ತಿ ಹೆಸರನ್ನು ಉಚ್ಚರಿಸಿದರೆ ಇಂಗ್ಲಿಷ್ ವಿಭಾಗದವರೇ ಎದ್ದು ಕುರ್ಚಿ ಬಿಡುತ್ತಿದ್ದರು.

ಇಂಥ ನನ್ನ ಸಾಮ್ರಾಜ್ಯಕ್ಕೆ ಆರು ತಿಂಗಳ ಹಿಂದೆ ನೌಮಾನ್ ನುಗ್ಗಿದ. ಖುದ್ದಾಗಿ ಅಲ್ಲ. ನಾನು ಎಂಆರ್‌ಐ ಯಂತ್ರದೊಳಗೆ ಮಲಗಿದ್ದಾಗ, ಹೊರಗಿನ ಬೆಂಚಿನಲ್ಲಿ ನನ್ನ ಹೆಂಡತಿ ರೇಖಾಗೆ ಸಾಯಿಮಾ ಎಂಬಾಕೆಯ ಪರಿಚಯವಾಯಿತು. ಆಕೆಯ ಗಂಡನೇ ಈ ನೌಮಾನ್. ಹರಿಹರದಲ್ಲಿ ಟೈಲರ್. ಅವನಿಗೂ ಎಂಎಸ್! ಹೆಂಗಸರಿಬ್ಬರೂ ಫೋನ್ ನಂಬರ್ ಬದಲಾಯಿಸಿಕೊಂಡರು. ಅವತ್ತಿನಿಂದ ನಾನು ಮುಖವನ್ನೇ ನೋಡದ ಒಬ್ಬ ಗಂಡಸು ನಮ್ಮ ಮನೆಯಲ್ಲಿ ಓಡಾಡತೊಡಗಿದ.

"ಅಷ್ಟು ಬಿಸಿನೀರು ಬ್ಯಾಡ್ರೀ, ಮೈ ಕಾದ್ರೆ ಕಾಲು ಸೋಲ್ತವೆ. ನೌಮಾನ್ ಸ್ಟೂಲ್ ಹಾಕ್ಕಂಡು ಕುಂತು, ಉಗುರುಬೆಚ್ಚಗಿನ ನೀರಾಗೆ ಸ್ನಾನ ಮಾಡ್ತಾರಂತೆ."

"ಅವನ ಸ್ನಾನದ ಸುದ್ದಿ ನಿನಗ್ಯಾಕ?"

"ಸುಸ್ತಾಗೋಕಿಂತ ಮುಂಚೇನೆ ಒಂದ್ಹತ್ತು ನಿಮಿಷ ಕುಂದ್ರಬೇಕಂತೆ. ನೌಮಾನ್ ಹಂಗೇ ಮಾಡೋದು."

"ಸುಸ್ತಾಗೋ ಮುಂಚೆ ಕೂತ್ರೆ ಅದಕ್ಕೆ ರೆಸ್ಟ್ ಅನ್ನಲ್ಲ ಕಣೇ, ಸೋಮಾರಿತನ ಅಂತಾರೆ!"

"ಅದಕ್ಕೇ ನೋಡ್ರಿ, ಅವರು ಸಂಜಿ ಏಳರ ತನಕ ಹೊಲಿತಾರೆ. ನೀವು ನಾಲ್ಕಕ್ಕೇ ಸೋಫಾದ ಮ್ಯಾಲೆ!"

ಕೋಲು ಹಿಡಿಯಲು ನೌಮಾನನಿಗೆ ನಾಚಿಕೆಯಿಲ್ಲ. ಮರೆವು ಬಂದೀತೆಂದು ಚೀಟಿ ಬರೆದಿಡುತ್ತಾನೆ. ಬಿಸಿಲಿಗೆ ಹೋಗುವಾಗ ಕುತ್ತಿಗೆಗೆ ಒದ್ದೆ ಟವೆಲ್. ಭಾರದ ಕೆಲಸವೆಲ್ಲ ಬೆಳಗಿನ ತಂಪಿನಲ್ಲೇ. ಇದೆಲ್ಲವನ್ನೂ ಹೇಳುವಾಗ ರೇಖಾಳ ಕಣ್ಣಲ್ಲಿ ಒಂದು ಹೊಳಪು! ಅಸೂಯೆಯೇ? ಛೆ, ಇತಿಹಾಸ ಓದಿಕೊಂಡವನಿಗೆ ಅಸೂಯೆಯೇ! ಆದರೆ ಹೊಟ್ಟೆಯಲ್ಲಿ ಏನೋ ಉರಿಯುತ್ತಿತ್ತು. ಇದೂ ಎಂಎಸ್ ಲಕ್ಷಣವೇ ಎಂದು ಡಾಕ್ಟರನ್ನು ಕೇಳಿದೆ. ಅಲ್ಲವಂತೆ.

ಐದು ವರ್ಷದಿಂದ ನನ್ನ ಜೊತೆ ಆಸ್ಪತ್ರೆಯ ಬೆಂಚು ಸವೆಸಿದವಳು, ಒಂದೇ ಒಂದು ಸಲ ನನ್ನನ್ನು ನೋಡಿ "ನಮ್ಮನೆಯವರು ಗಟ್ಟಿಗರು" ಅನ್ನಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ. ಅದು ಹರಿಹರದ ಪಾಲಾಗುತ್ತಿತ್ತಲ್ಲ!

"ಅವರಿಬ್ಬರನ್ನೂ ಭಾನುವಾರ ಊಟಕ್ಕೆ ಕರಿ. ದೋಸೆ ನಾನೇ ಹಾಕ್ತೀನಿ. ಸೌದೆ ಒಲೆ ಮೇಲೆ!" ಎಂದು ಘೋಷಿಸಿದೆ. ಗ್ಯಾಸಿನ ಮೇಲೆ ಹುಯ್ದದ್ದನ್ನು ದಾವಣಗೆರೆಯಲ್ಲಿ ಯಾವ ಮರ್ಯಾದಸ್ಥನೂ ಬೆಣ್ಣೆದೋಸೆ ಅನ್ನುವುದಿಲ್ಲ. ಮಂಡಿಪೇಟೆಯಿಂದ ಬಂಡಿಗಾಲಿಯಂಥ ಕಬ್ಬಿಣದ ಹೆಂಚು ತರಿಸಿದೆ. ಮಹಡಿಯ ಮೇಲೆ ಇಟ್ಟಿಗೆ ಜೋಡಿಸಿ ಒಲೆ ಹೂಡಿದೆ.

ರೇಖಾ ತಲೆ ಚಚ್ಚಿಕೊಂಡಳು. "ಬಿಸಿಲು ನಿಮಗಾಗಲ್ಲ, ಬೆಂಕಿ ನಿಮಗಾಗಲ್ಲ. ಎರಡೂ ಕೂಡಿದ್ರೆ ಆಗ್ತೈತೇನ್ರಿ? ಕೆಳಗ ಫ್ಯಾನ್ ಹಾಕ್ಕಂಡು, ಸ್ಟೂಲ್ ಮ್ಯಾಲೆ ಕುಂತು ಹಾಕ್ರಿ. ನೌಮಾನ್ ಆಗಿದ್ರೆ..."

"ಆ ಹೆಸರು ಎತ್ತಬ್ಯಾಡ! ನಾನು ನಿಂತೇ ಹಾಕೋನು!"

ಮೊದಲ ದೋಸೆ ಚಿನ್ನ. ಎರಡನೆಯದು ಅಪರಂಜಿ. ಕೆಳಗೆ ಗೇಟಿನ ಬಳಿ ಆಟೋ ನಿಂತ ಸದ್ದು ಕೇಳಿ, ರೇಖಾ ಅತಿಥಿಗಳನ್ನು ಕರೆತರಲು ಇಳಿದಳು. ಮೂರನೆಯದಕ್ಕೆ ಹಿಟ್ಟು ಎತ್ತಿಕೊಂಡೆ. ಎದುರಿಗೆ ಎರಡು ಹೆಂಚು! ಮೈ ಕಾದರೆ ನನ್ನ ಕಣ್ಣು ಹೀಗೆ ಉದಾರಿಯಾಗುತ್ತದೆ, ಒಂದನ್ನು ಎರಡು ಮಾಡಿ ಕೊಡುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಂಡು ಹಿಟ್ಟು ಹುಯ್ದೆ. ಆರಿಸಿಕೊಂಡದ್ದು ಇಲ್ಲದ ಹೆಂಚು! ಹಿಟ್ಟು ಬೆಂಕಿಯೊಳಗೆ ಬಿದ್ದು ಚುಸ್ಸೆಂದಿತು. ಹೊಗೆ, ಬೂದಿ, ಕೆಮ್ಮು. ಸೋಲೊಪ್ಪದೆ ಬೆಣ್ಣೆಯ ಮುದ್ದೆ ಎಸೆದೆ. ಅದು ನನ್ನ ಪಾದದ ಮೇಲೆ ಕೂತಿತು. ಅಷ್ಟರಲ್ಲಿ ಎಡಗಾಲು ರಾಜೀನಾಮೆ ಕೊಟ್ಟಿತು. ಬಲಗಾಲು ಬೆಂಬಲದ ಮುಷ್ಕರ ಹೂಡಿತು. ನಾನು ಗಂಭೀರವಾಗಿ, ನಿಧಾನವಾಗಿ, ಹಿಂದೆಯೇ ಇದ್ದ ಹಿಟ್ಟಿನ ದಬರಿಯೊಳಗೆ ಆಸೀನನಾದೆ.

ಸತ್ಯ ಹೇಳುತ್ತೇನೆ, ಹಿಟ್ಟು ತಂಪಾಗಿತ್ತು. ಬಹಳ ಹಿತವಾಗಿತ್ತು!

ಆಗ ಮೆಟ್ಟಿಲ ಮೇಲೆ ನೌಮಾನ್ ಕಾಣಿಸಿಕೊಂಡ. ಒಬ್ಬನಲ್ಲ, ಇಬ್ಬರು! ಒಬ್ಬನನ್ನೇ ತಾಳಲಾರದವನ ಪಾಡು ಯೋಚಿಸಿ. ಇಬ್ಬರು ನೌಮಾನರೂ ತಾವೇ ಹೊಲಿದ ಕರಿ ಕೋಟು, ಒಳಗೊಂದು ಕರಿ ವೇಸ್ಟ್‌ಕೋಟು, ಕತ್ತಿನವರೆಗೆ ಗುಂಡಿ. ಕೈಯಲ್ಲಿ ಕೋಲಿಲ್ಲ, ಕುತ್ತಿಗೆಗೆ ಟವೆಲ್ಲಿಲ್ಲ. ಮುಖದಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ನಮಸ್ಕಾರ ಅಂಜನಕುಮಾರ್ ಸರ್," ಎಂದ. "ಒಂದ್... ಒಂದ್ ನಿಮಿಷ..." ಎನ್ನುತ್ತ ಮೊಣಕಾಲು ಮಡಚಿ, ಸೌದೆಯ ರಾಶಿಯ ಮೇಲೆ ಕುಸಿದು ಕುಳಿತ.

ಮಹಡಿಯ ಈ ತುದಿಯಲ್ಲಿ ನಾನು ದಬರಿಯಲ್ಲಿ, ಆ ತುದಿಯಲ್ಲಿ ಅವನು ಸೌದೆಯ ಮೇಲೆ. ಹೆಂಗಸರಿಬ್ಬರೂ ಗಾಬರಿಯಾಗಲಿಲ್ಲ. ಪಳಗಿದವರಂತೆ ಬಕೀಟು ತಂದರು, ಟವೆಲ್ ಅದ್ದಿ ಇಬ್ಬರ ಕುತ್ತಿಗೆಗೂ ಸುತ್ತಿದರು, ನೀರು ಕುಡಿಸಿದರು, ಒಬ್ಬೊಬ್ಬರನ್ನಾಗಿ ಕೆಳಗಿಳಿಸಿ ಫ್ಯಾನಿನ ಕೆಳಗೆ ಕೂರಿಸಿದರು. ನನಗೆ ಒಣ ಪಂಚೆಯೂ ಸಿಕ್ಕಿತು. ಮುಕ್ಕಾಲು ಗಂಟೆಗೆ ಕಾಲುಗಳು ಮುಷ್ಕರ ಹಿಂತೆಗೆದುಕೊಂಡವು. ನೌಮಾನರೂ ಒಬ್ಬನಿಗೆ ಇಳಿದರು.

ಹೆಂಗಸರು ಅಡಿಗೆಮನೆಗೆ ಹೋದ ಮೇಲೆ ಕೇಳಿದೆ: "ಈ ಬಿಸಿಲಾಗೆ ಅಷ್ಟೆಲ್ಲ ಹಾಕ್ಕಂಡು ಯಾಕ ಬಂದ್ರಿ?"

ಅವನು ನನ್ನನ್ನು ದುರುಗುಟ್ಟಿ ನೋಡಿದ. "ನಿಮ್ಮಿಂದಾನೇ ಸಾರ್! ಆರು ತಿಂಗಳಿಂದ ಮನ್ಯಾಗೆ ಸಾಯಿಮಾಂದು ಒಂದೇ ರಗಳೆ. ಅಂಜನಕುಮಾರ್ ಸರ್ ಕೋಲು ಹಿಡ್ಕಂಡೇ ಕಾಲೇಜಿಗೆ ಹೋಗ್ತಾರೆ, ಮಧ್ಯಾಹ್ನ ತಪ್ಪದೆ ಮಲಗ್ತಾರೆ, ದಿನಾ ಇಪ್ಪತ್ತು ನಿಮಿಷ ಕಸರತ್ತು ಮಾಡ್ತಾರೆ. ತಲಿ ಕೆಟ್ಟೋಗೈತೆ! ಇವತ್ತು ಕೋಲಿಲ್ದೆ ಮೆಟ್ಟಿಲು ಹತ್ತಿ ತೋರಿಸ್ಬೇಕು ಅಂತ ಬಂದೆ."

"ನಾನಾ? ಕೋಲಾ? ಸ್ಟೂಲ್ ಮೇಲೆ ಕೂತು ಸ್ನಾನ ಮಾಡೋರು ನೀವಲ್ವೇನ್ರಿ?"

"ಯಾ ಅಲ್ಲಾ! ಯಾವ ಸ್ಟೂಲು ಸಾರ್?"

ಅಡಿಗೆಮನೆಯಲ್ಲಿ ಬಳೆಗಳ ಸದ್ದು ಥಟ್ಟನೆ ನಿಂತಿತು. ರೇಖಾ ಸೌಟು ಹಿಡಿದೇ ಹೊರಬಂದಳು. ತಪ್ಪೊಪ್ಪಿಗೆಯ ಮುಖವೇ ಅಲ್ಲ!

"ಹೌದ್ರಿ, ನಾವಿಬ್ರೇ ಕಟ್ಟಿ ಹೇಳಿದ್ದು. ಡಾಕ್ಟರ್ ಬರಕೊಟ್ಟ ಚೀಟಿ ಐದು ವರ್ಷ ಓದಿ ಓದಿ ಹೇಳ್ದೆ. ಕೇಳಿದ್ರಾ? ನೌಮಾನ್ ಹೆಸರು ಎತ್ತಿದ ಮರುದಿನ ಬಚ್ಚಲಾಗೆ ಸ್ಟೂಲ್ ಎಳೆದ ಸದ್ದು. ನಾನು ಬಂದ ಕೂಡ್ಲೆ ಮೂಲೆಗೆ ತಳ್ಳೋದು! ನನಗೆ ಗೊತ್ತಿಲ್ಲ ಅನ್ಕಂಡ್ರಾ?"

ಅವಳ ಬೆನ್ನಿಗೆ ಸಾಯಿಮಾ ಬಂದರು. "ಇವ್ರೂ ಹಂಗೇ ಅಕ್ಕಾ. ನಾ ಹೇಳಿದ್ರೆ ಕಿವಿ ಕೇಳ್ಸಲ್ಲ. ದಾವಣಗೆರಿ ಸರ್ ಅಂದ್ರೆ ಸಾಕು, ಬಾಗಿಲು ಹಾಕ್ಕಂಡು ಕಸರತ್ತು."

ನೌಮಾನ್ ತಲೆ ತಗ್ಗಿಸಿದ. ನಾನು ಗೋಡೆಯ ಕ್ಯಾಲೆಂಡರನ್ನು ಸೂಕ್ಷ್ಮವಾಗಿ ಅಭ್ಯಾಸ ಮಾಡಿದೆ. ಹೆಂಗಸರು ಒಳಗೆ ಹೋದ ಮೇಲೆ ನಾವಿಬ್ಬರೂ ಕೈ ಕುಲುಕಿ ಐತಿಹಾಸಿಕ ಒಪ್ಪಂದ ಮಾಡಿಕೊಂಡೆವು: ಇನ್ನು ಮೇಲೆ ಯಾವ ಹೆಸರು ಹೇಳಿದರೂ ನಂಬಕೂಡದು!

ಗ್ಯಾಸಿನ ದೋಸೆಗಳು ಬಂದವು. ತಟ್ಟೆಯ ಪಕ್ಕದಲ್ಲಿ ಇಬ್ಬರ ಮಾತ್ರೆಯ ಡಬ್ಬಿಗಳನ್ನೂ ಇಡುತ್ತ ರೇಖಾ, ಗೋಡೆಗೆ ಹೇಳುವಂತೆ ಹೇಳಿದಳು:

"ಇಲ್ಲೇ ಬಾತಿ ಊರಾಗೆ ಮಹೇಂದ್ರ ಅಂತ ಒಬ್ರು ಅದಾರಂತೆ ಸಾಯಿಮಾ. ಅವರಿಗೂ ಎಂಎಸ್ಸೇ. ಮಾತ್ರೆ ನುಂಗೋದು ಒಂದಿನಾನೂ ಲೇಟ್ ಮಾಡಿಲ್ವಂತೆ."

ಬಾತಿಯ ಮಹೇಂದ್ರ ಆ ಕ್ಷಣವೇ, ನಮ್ಮ ಕಣ್ಣೆದುರಿಗೇ, ಆ ದೋಸೆಯ ಜೊತೆಗೇ ಹುಟ್ಟಿದವನೆಂದು ನಮಗಿಬ್ಬರಿಗೂ ಗೊತ್ತಿತ್ತು. ನೌಮಾನ್ ನನ್ನನ್ನು ನೋಡಿದ. ನಾನು ನೌಮಾನನನ್ನು ನೋಡಿದೆ. ಇಬ್ಬರ ಕೈಯೂ ಡಬ್ಬಿಯ ಮೇಲಿತ್ತು.

"ಎಷ್ಟು ಗಂಟೆಗೆ ನುಂಗ್ತಾನಂತೆ ಅವನು?" ಇಬ್ಬರೂ ಒಟ್ಟಿಗೇ ಕೇಳಿದೆವು.