ಪಂಚಾಕ್ಷರಿಯ ಪೋಲಿಷ್ ಪರಾಕ್ರಮ

ಜಗಳ ಶುರುವಾದದ್ದು ಗ್ಯಾರೇಜಿನಿಂದ. ಪರದೇಶದ ಹಾಫ್‌ಮನ್ ಎಸ್ಟೇಟ್ಸ್ ಎಂಬ ಊರಿನ ಆ ಮನೆಯಲ್ಲಿ ಪಂಚಾಕ್ಷರಿಗೆ ತನ್ನದು ಅಂತ ಇದ್ದದ್ದು ಅದೊಂದೇ. ಅಲ್ಲಿ ಕೂತು ಹಳೇ ರೇಡಿಯೋಗಳನ್ನು ಬಿಚ್ಚುತ್ತಿದ್ದ. ಅಪರೂಪಕ್ಕೆ ಜೋಡಿಸುತ್ತಲೂ ಇದ್ದ. ಪಕ್ಕದ ಮನೆಯ ಪದ್ಮ ಹುಡುಗಿಯರಿಗೆ ಭರತನಾಟ್ಯ ಕಲಿಸಲು ಜಾಗ ಹುಡುಕುತ್ತಿದ್ದಾಗ ಹೆಂಡತಿ ನೀಲಾಂಬಿಕಾ ಗ್ಯಾರೇಜನ್ನೇ ತೋರಿಸಿದಳು.

“ಕುಣಿಯೂದಾದ್ರ ನನ್ನ ಎದಿ ಮ್ಯಾಲೆ ಕುಣೀಲಿ!” ಎಂದು ಪಂಚಾಕ್ಷರಿ ಅಡ್ಡ ನಿಂತ.

ಶನಿವಾರ ಬೆಳಿಗ್ಗೆ ಎದುರು ಮನೆಯ ಮಾರೆಕ್ ಓಡಿಬಂದ. ಅವನ ಪೋಲಿಷ್ ಬಳಗ ವರ್ಷಕ್ಕೊಮ್ಮೆ ಪಾರ್ಕಿನಲ್ಲಿ 1792ರ ಯುದ್ಧವನ್ನು ಆಡಿ ತೋರಿಸುತ್ತದೆ. ಸೇನಾಪತಿಯ ಪಾತ್ರ ಮಾಡುವ ಅವನ ಮಗನಿಗೆ ಕಾಲು ಉಳುಕಿದೆಯಂತೆ.

“ನೀವ ಹೋಗ್ರಿ. ಇಂಥಾ ಮೀಸಿ ಈ ಊರಾಗ ಮತ್ಯಾರಿಗೈತಿ?” ಎಂದಳು ನೀಲಾಂಬಿಕಾ. ಹೆಂಡತಿಯ ಬಾಯಲ್ಲಿ ಹೊಗಳಿಕೆ ಕೇಳಿ ಎಷ್ಟೋ ಕಾಲವಾಗಿತ್ತು. ಪಂಚಾಕ್ಷರಿ ಬೆಣ್ಣೆಯಂತೆ ಕರಗಿದ.

ಕಾರಿನಲ್ಲಿ ಮಾರೆಕ್ ಕತೆ ಹೇಳಿದ. ಸೇನಾಪತಿ ರಷ್ಯನ್ನರ ವಿರುದ್ಧ ಜೀವದ ಹಂಗು ತೊರೆದು ಹೋರಾಡುತ್ತಿದ್ದರೆ, ಅತ್ತ ಅರಮನೆಯಲ್ಲಿ ರಾಜ ಶತ್ರುಗಳ ಕಡೆಗೇ ಸೇರಿಕೊಂಡು, ಯುದ್ಧ ನಿಲ್ಲಿಸೆಂದು ಆಜ್ಞೆ ಕಳಿಸಿದನಂತೆ. ಪಂಚಾಕ್ಷರಿಯ ರಕ್ತ ಕುದಿಯಿತು.

ಪಾರ್ಕಿನಲ್ಲಿ ಅವನಿಗೆ ಸೇನಾಪತಿಯ ಬೂಟು, ಖಡ್ಗ ತೊಡಿಸಿ ಕುದುರೆ ಹತ್ತಿಸಿದರು. ಫಿರಂಗಿ ಢಮ್ಮೆಂದದ್ದೇ ತಡ, ಅವನ ಕುದುರೆ ಬೆದರಿ ಶತ್ರುಗಳ ನಡುವೆಯೇ ನುಗ್ಗಿತು. ಗೋಡೆಗೆ ಹಲ್ಲಿ ಅಂಟಿದಂತೆ ಅದರ ಕುತ್ತಿಗೆಗೆ ಅಂಟಿಕೊಂಡ ಪಂಚಾಕ್ಷರಿ, “ಯವ್ವಾ! ಸತ್ನೋ!” ಎಂದು ಅರಚಿದ. ಅದೇ ರಣಘೋಷವೆಂದುಕೊಂಡ ಸೈನಿಕರೂ “ಯವ್ವಾ! ಯವ್ವಾ!” ಎನ್ನುತ್ತ ಬೆನ್ನಿಗೆ ಓಡಿದರು. ರಷ್ಯನ್ ವೇಷದವರು ಟೋಪಿ ಬಿಟ್ಟು ಪಾರ್ಕಿಂಗ್ ಲಾಟಿಗೆ ಪರಾರಿ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ಮಾರೆಕ್ ದೂತನಾಗಿ ಬಂದು ರಾಜಾಜ್ಞೆ ಓದಿದ.

“ಗೆದ್ದಾಂವ ನಾನು! ಯಾಕ ನಿಲ್ಲಸ್ಲಿ?” ಎಂದು ಪಂಚಾಕ್ಷರಿ ಕನ್ನಡದಲ್ಲೇ ಗುಡುಗಿದ. ಕುದುರೆಯಿಂದ ಇಳಿಸಲು ನಾಲ್ಕು ಜನ ಬೇಕಾದರು.

ಮನೆಗೆ ಮರಳುವಾಗ ಎದೆ ಉಬ್ಬಿತ್ತು. ರಣರಂಗ ನೋಡಿದವನಿಗೆ ಹೆಂಡತಿ ಯಾವ ಲೆಕ್ಕ? ಗ್ಯಾರೇಜಿನ ಮಾತು ಇವತ್ತೇ ಇತ್ಯರ್ಥವಾಗಬೇಕು! ಮಾರೆಕ್ ಮಾತ್ರ ಯಾಕೋ ಪದೇ ಪದೇ ಗಡಿಯಾರ ನೋಡುತ್ತ ಕಾರನ್ನು ನಿಧಾನಕ್ಕೆ ಓಡಿಸಿದ.

ಪಂಚಾಕ್ಷರಿ ವೇಷದಲ್ಲೇ ಗ್ಯಾರೇಜಿನ ಬಾಗಿಲು ತೆರೆದ. ಗೋಡೆಯುದ್ದಕ್ಕೂ ಕನ್ನಡಿ. ಸಾಲಾಗಿ ಹುಡುಗಿಯರು ‘ತೈಯಾ ತೈ’. ಏಣಿಯ ತುದಿಯಲ್ಲಿ ನಿಂತು ಕೊನೆಯ ಕನ್ನಡಿ ಬಿಗಿಯುತ್ತಿದ್ದವನು, ಕಾಲು ಉಳುಕಿದ್ದ ಮಾರೆಕ್‌ನ ಮಗ!

“ಮಾರೆಕ್ ಮೊಮ್ಮಗಳೂ ಕ್ಲಾಸಿಗೆ ಸೇರ್ಯಾಳ್ರೀ,” ಎಂದಳು ನೀಲಾಂಬಿಕಾ ತಣ್ಣಗೆ. “ನಿಮ್ಮನ್ನ ಇಡೀ ದಿನ ಹೊರಗ ಇಡೂದು ಅಂದ್ರ ಸುಮ್ನ ಆತೇನು?”

ಪಂಚಾಕ್ಷರಿ ಖಡ್ಗ ಹಿರಿದು ಒಂದು ಹೆಜ್ಜೆ ಮುಂದಿಟ್ಟ.

“ಪಂಚಾಕ್ಷರಿಯವರೇ, ಬೂಟ್ಸ್ ಬಿಚ್ಚಿ ಒಳಗೆ ಬನ್ನಿ, ಪ್ಲೀಸ್,” ಎಂದಳು ಪದ್ಮ. “ಇದು ಡ್ಯಾನ್ಸ್ ಕ್ಲಾಸು.”

ಅವನು ಬಗ್ಗಿ ಬೂಟು ಎಳೆದ. ಅದು ಕಚ್ಚಿ ಕೂತಿತ್ತು. ಕೊನೆಗೆ ನೀಲಾಂಬಿಕಾಳೇ ಎಳೆದು ಬಿಡಿಸಬೇಕಾಯಿತು.