ತೆರೆದ ಲೋಕ, ಮುಚ್ಚಿದ ಪೆಟ್ಟಿಗೆ

ರಸ್ತೆಗೆ ಅಡ್ಡ ಬಂದ ನಾಯಿಯನ್ನು ಉಳಿಸಲು ಹೋಗಿ ಮಿಂಚು ಬೈಕಿನ ಸಮೇತ ಮಗುಚಿಕೊಂಡ. ನಾಯಿ ಉಳಿಯಿತು. ಮಿಂಚೂ ಉಳಿದ. ಆದರೆ ಹಿಂದಿನ ಚೀಲದಲ್ಲಿದ್ದ ಎರಡು ಪಾರ್ಸೆಲ್ಲುಗಳ ಕಂದು ಕಾಗದ ಮೂಲೆಯಲ್ಲಿ ಹರಿಯಿತು. ಅವನ ಗ್ರಹಚಾರ ಒಳಗೆ ಬಂದದ್ದು ಆ ಎರಡು ತೂತುಗಳಿಂದಲೇ.

ಮಿಂಚು ಎಂಬುದು ಕೊರಿಯರ್ ಆಫೀಸಿನವರು ಇಟ್ಟ ಅಡ್ಡಹೆಸರು. ವೇಗಕ್ಕಲ್ಲ, ಒಮ್ಮೆ ಕಂಡರೆ ಆಮೇಲೆ ಎಲ್ಲಿ ಹುಡುಕಿದರೂ ಸಿಗುವುದಿಲ್ಲ ಎಂಬುದಕ್ಕೆ. ಅವನ ಮೇಲೆ ಆಗಲೇ ಎರಡು ದೂರುಗಳಿದ್ದವು. ಮೂರನೆಯದು ಬಂದರೆ ಬೈಕು ಕಿತ್ತುಕೊಂಡು ಗೋದಾಮಿಗೆ ಹಾಕುತ್ತೇನೆಂದು ಮ್ಯಾನೇಜರು ಗದರಿದ್ದರು. ಗೋದಾಮಿಗೆ ಮಿಂಚು ಹೆದರುವವನಲ್ಲ. ಹೆದರುತ್ತಿದ್ದದ್ದು ಗೋದಾಮಿನ ಮೇಸ್ತ್ರಿಗೆ. ಆತ ಹೆಂಡತಿಯ ಅಣ್ಣ. "ನಿನ್ನ ಗಂಡನ್ನ ನನ್ನ ಕೈಗೆ ಕೊಡಮ್ಮ, ನೆಟ್ಟಗೆ ಮಾಡಿ ವಾಪಸ್ ಕಳಿಸ್ತೀನಿ" ಎಂದು ಮದುವೆಯ ಮಂಟಪದಿಂದಲೂ ತಂಗಿಗೆ ಹೇಳುತ್ತಲೇ ಬಂದಿದ್ದ.

ಟೇಪು ಅಂಟಿಸುವ ಮುನ್ನ ಮಿಂಚು ತೂತುಗಳಲ್ಲಿ ಇಣುಕಿದ. ಒಂದರೊಳಗೆ ಟಿವಿಗೆ ಸಿಕ್ಕಿಸಿ ಆಡುವ ಕರೀ ಗೇಮ್ ಡಬ್ಬಿ. ಇನ್ನೊಂದರೊಳಗೆ ಬಿಳಿಯದು. ವಿಳಾಸದ ಚೀಟಿ ಓದಿದವನು ಇನ್ನೊಮ್ಮೆ ಓದಿದ. ಕರಿಯದು ವಕೀಲರ ಹೆಸರಿಗೆ, ಬಿಳಿಯದು ಹಲ್ಲಿನ ಡಾಕ್ಟರ ಹೆಸರಿಗೆ!

ಇದು ಎಂಥ ಅನಾಹುತ ಎಂದು ಆ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಡಾಕ್ಟರು, ವಕೀಲರು ಒಂದೇ ಕಟ್ಟಡದ ಒಂದೇ ಮಹಡಿಯಲ್ಲಿ ಎದುರುಬದುರು ಮನೆಯವರು. ಡಾಕ್ಟರು ಕರೀ ಡಬ್ಬಿಯ ಪರ, ವಕೀಲರು ಬಿಳೀ ಡಬ್ಬಿಯ ಪರ. ಇಡೀ ಕಟ್ಟಡ ಇವರ ಹಿಂದೆ ಎರಡಾಗಿ ಸೀಳಿಹೋಗಿ, ಒಂದಕ್ಕೆ ಕೃಷ್ಣಪಕ್ಷ ಎಂದೂ ಇನ್ನೊಂದಕ್ಕೆ ಶುಕ್ಲಪಕ್ಷ ಎಂದೂ ಹೆಸರು ಬಿದ್ದಿತ್ತು. ಕರಿಯದರಲ್ಲಿ ಒಂದು ಕಡಲಿನ ಆಟ, ಬಿಳಿಯದರಲ್ಲಿ ಒಂದು ಮರಳುಗಾಡಿನ ಆಟ. ಇದರದ್ದು ಅದರಲ್ಲಿ ನಡೆಯುವುದಿಲ್ಲ. ಎರಡೂ 'ತೆರೆದ ಲೋಕ'ದ ಆಟಗಳು. ಅಂದರೆ ಎಲ್ಲಿಗೆ ಬೇಕಾದರೂ ಹೋಗಬಹುದು, ಏನು ಬೇಕಾದರೂ ಮಾಡಬಹುದು, ಯಾರೂ ಕೇಳುವವರಿಲ್ಲ. ಕೆಳಗಿನ ಅಂಗಡಿಯಿಂದ ಸಕ್ಕರೆ ತನ್ನಿ ಎಂದರೆ ಸೊಂಟನೋವು ಎನ್ನುವ ಡಾಕ್ಟರು ಅಲ್ಲಿ ಯಾವುದೋ ಅಜ್ಜಿಯ ಕಳೆದುಹೋದ ಕೋಳಿಗಾಗಿ ದ್ವೀಪ ದ್ವೀಪ ಅಲೆಯುತ್ತಿದ್ದರು. ಮನೆಯಲ್ಲಿ ಕುಡಿದ ಲೋಟ ಎತ್ತಿಡದ ವಕೀಲರು ಗುರುತು ಪರಿಚಯವಿಲ್ಲದವನ ಮೂಟೆ ಹೊತ್ತು ಮರಳುಗಾಡು ದಾಟುತ್ತಿದ್ದರು. ಒಂದು ಕೆಲಸ ಮುಗಿಸಿದರೆ ಅಲ್ಲಿನ ಜನ ಇನ್ನೊಂದು ಹೇಳುತ್ತಿದ್ದರು. ಇದಕ್ಕೆ ಇಬ್ಬರೂ ಸ್ವಾತಂತ್ರ್ಯ ಎನ್ನುತ್ತಿದ್ದರು.

"ಪ್ಯಾಕ್ ಮಾಡಿದೋನು ನಿದ್ದೆಗಣ್ಣಲ್ಲಿದ್ದ ಅಂತ ಕಾಣುತ್ತೆ" ಎಂದು ಮಿಂಚು ಗೊಣಗಿದ. ಹೀಗೇ ಕೊಟ್ಟರೆ ಮೂರನೆಯ ದೂರು ಖಂಡಿತ. ಉಗುರಿನಿಂದ ಚೀಟಿಗಳನ್ನು ಮೆಲ್ಲಗೆ ಎಬ್ಬಿಸಿ, ಕರಿಯದಕ್ಕೆ ಡಾಕ್ಟರನ್ನೂ ಬಿಳಿಯದಕ್ಕೆ ವಕೀಲರನ್ನೂ ಅಂಟಿಸಿದ. ಪರೀಕ್ಷೆಯಲ್ಲಿ ಪಕ್ಕದವನ ತಪ್ಪು ತಿದ್ದಿಕೊಟ್ಟವನ ಹಾಗೆ ಎದೆಯುಬ್ಬಿಸಿ ಬೈಕು ಹತ್ತಿದ.

ಕಟ್ಟಡದ ಮೆಟ್ಟಿಲ ಮೇಲೆ ಸಭೆ ನಡೆದಿತ್ತು. ವಿಷಯ ನೀರಿನ ಪಂಪು. ಆದರೆ ಪಂಪಿನ ಮಾತು ಮುಗಿದು ಎಷ್ಟೋ ಹೊತ್ತಾಗಿತ್ತು.

"ನಿಮ್ಮ ಲೋಕದಲ್ಲಿ ಏನಿದೆ ಸ್ವಾಮಿ? ಬರೀ ಮರಳು! ಕಟ್ಟಡ ಕಟ್ಟೋರಿಗೆ ಮಾರ್ಕೊಳ್ಳಿ!" ಎಂದರು ಡಾಕ್ಟರು.

"ನಿಮ್ಮದ್ರಲ್ಲಿ ಬರೀ ನೀರು! ಅಷ್ಟು ನೀರಿದ್ದೂ ನಮ್ಮ ಟ್ಯಾಂಕು ಖಾಲಿ, ಇದನ್ನ ದಾಖಲು ಮಾಡ್ಕೊಳ್ಳಿ!" ಎಂದರು ವಕೀಲರು.

ಎರಡೂ ಪಕ್ಷಗಳು ಚಪ್ಪಾಳೆ ಹೊಡೆದವು. ನಡುವೆ ನುಗ್ಗಿದ ಮಿಂಚು, "ಸಾರ್, ಇಬ್ಬರಿಗೂ ಪಾರ್ಸೆಲ್!" ಎಂದ.

ಇಬ್ಬರೂ ಒಂದೇ ಸಲಕ್ಕೆ ಅವನ ಮೇಲೆ ಹದ್ದಿನಂತೆ ಎರಗಿದರು.

"ಕೊಡಪ್ಪ, ಕೊಡು. ಹಲ್ಲಿನ ಸಾಮಾನು. ಕೃತಕ ದವಡೆ" ಎಂದರು ಡಾಕ್ಟರು.

"ನಂದು ಕೇಸಿನ ಕಾಗದ. ಗೋಪ್ಯ" ಎಂದರು ವಕೀಲರು.

"ಅಯ್ಯೋ, ಇಲ್ಲ ಸಾರ್, ಎರಡೂ ಗೇಮ್ ಡಬ್ಬಿ!" ಎಂದು ಮಿಂಚು ಹಲ್ಲು ಕಿರಿದ.

ಡಾಕ್ಟರ ಮುಖ ಬಿಳಿಚಿತು. ವಕೀಲರ ಮುಖ ಕಪ್ಪಿಟ್ಟಿತು. ಗೇಮ್ ಡಬ್ಬಿ ಎಂದ ಮೇಲೆ ಬಿಡುವವರಾರು? ಮೊದಲನೇ ಮಹಡಿಯ ಜಿಮ್ ಮಾಸ್ತರು ಡಾಕ್ಟರ ಕಂಕುಳಿಂದ ಪಾರ್ಸೆಲ್ಲು ಕಿತ್ತುಕೊಂಡರೆ, ಮೇಲ್ಮಹಡಿಯ ಟೈಲರಮ್ಮ ಕತ್ತರಿ ಸಮೇತ ವಕೀಲರದ್ದಕ್ಕೆ ಕೈ ಹಾಕಿದಳು. ಡಾಕ್ಟರು ಕಣ್ಣು ಮುಚ್ಚಿದರು. ವಕೀಲರು ಗೋಡೆಗೆ ಒರಗಿದರು. ಪರ್‍ರೆಂದು ಕಾಗದ ಹರಿಯಿತು.

"ಕರಿಯದು! ಮನೇಲಿ ಒಂದು ಇದ್ದ ಮೇಲೂ ಇನ್ನೊಂದು ಕರಿಯದು! ನಿಷ್ಠೆ ಅಂದ್ರೆ ಇದು!" ಎಂದು ಜಿಮ್ ಮಾಸ್ತರು ಡಾಕ್ಟರನ್ನು ಹೆಗಲ ಮೇಲೆತ್ತಿದರು. ಅತ್ತ ಬಿಳಿಯದನ್ನು ಕಂಡ ಶುಕ್ಲಪಕ್ಷ ಜೈಕಾರ ಹಾಕಿತು.

ಮಿಂಚು ಮೂಲೆಯಲ್ಲಿ ನಿಂತು ಒಂದು ಶಹಬಾಸ್‌ಗಾಗಿ ಕಾದ. ಹೆಗಲ ಮೇಲಿಂದ ಡಾಕ್ಟರು ಅವನತ್ತ ನೋಡಿದ ನೋಟದಲ್ಲಿ ಅರಿವಳಿಕೆ ಕೊಡದೆ ದವಡೆಹಲ್ಲು ಕೀಳುವ ಆಸೆಯಿತ್ತು. ವಕೀಲರ ನೋಟದಲ್ಲಿ ಜಾಮೀನೇ ಇರಲಿಲ್ಲ.

ಊಟ ಮುಗಿಸುವಷ್ಟರಲ್ಲಿ ಮ್ಯಾನೇಜರ ಫೋನು ಬಂತು. "ಎಲ್ಲಿದ್ದೀಯೋ ಮಾರಾಯ? ತಪ್ಪು ಸಾಮಾನು ಬಂತು ಅಂತ ಇಬ್ಬರು ಬೇರೆಬೇರೆ ಫೋನ್ ಮಾಡಿದ್ದಾರೆ. ಹೆಸರು ಹೇಳಲ್ವಂತೆ, ಖುದ್ದಾಗಿ ಬರ್ತಾರಂತೆ. ಬಾ ಬೇಗ!"

ಆಫೀಸಿನ ಬೆಂಚಿನ ಮೇಲೆ ಹೆಲ್ಮೆಟ್ ಹಾಕಿಕೊಂಡವರೊಬ್ಬರು ತೊಡೆಯ ಮೇಲೆ ದೊಡ್ಡ ಚೀಲ ಇಟ್ಟುಕೊಂಡು ಕೂತಿದ್ದರು. ಮಿಂಚಿನ ಬೆನ್ನಿಗೇ ಹೆಲ್ಮೆಟ್ಟಿನ ಇನ್ನೊಬ್ಬರು ಚೀಲ ಹಿಡಿದು ಒಳಗೆ ಬಂದರು. ಬಾಗಿಲಾಚೆ ನಿಂತದ್ದು ಮಾತ್ರ ಎರಡೂ ಕಾರು.

"ಹೆಲ್ಮೆಟ್ ತೆಗೆದು ಮಾತಾಡಿ ಸ್ವಾಮಿ, ಬಾವಿಯೊಳಗಿಂದ ಕೂಗಿದ ಹಾಗಿದೆ" ಎಂದರು ಮ್ಯಾನೇಜರು.

ತೆಗೆದರು. ಡಾಕ್ಟರು ವಕೀಲರನ್ನು ನೋಡಿದರು. ವಕೀಲರು ಡಾಕ್ಟರನ್ನು ನೋಡಿದರು. ಇಬ್ಬರೂ ಚೀಲವನ್ನು ಬೆನ್ನ ಹಿಂದೆ ಸರಿಸಿದರು.

"ನಿಮ್ಮ ದೂರು?" ಎಂದು ಮ್ಯಾನೇಜರು ಡಾಕ್ಟರನ್ನು ಕೇಳಿದರು.

"ಅದು... ಅವರದ್ದು ಮೊದಲು ಆಗ್ಲಿ" ಎಂದರು ಡಾಕ್ಟರು.

"ಛೆ ಛೆ, ಹಿರಿಯರು ತಾವು" ಎಂದರು, ಈವರೆಗೆ ಅವರನ್ನು ಬರೀ ಬೈಗುಳದಲ್ಲೇ ಹರಸುತ್ತಿದ್ದ ವಕೀಲರು.

ಈಗ ತಾನು ಬಾಯಿ ಬಿಟ್ಟರೆ ಬೈಕು ಉಳಿಯುತ್ತದೆ ಎಂದುಕೊಂಡ ಮಿಂಚು. "ಸಾರ್, ನಾನು ಹೇಳ್ತೀನಿ. ಪೇಪರ್ ಹರಿದಿತ್ತು. ಒಳಗೆ ನೋಡಿದ್ರೆ ಡಾಕ್ಟರ ಹೆಸರಿಗೆ ಬಿಳಿ, ವಕೀಲರ ಹೆಸರಿಗೆ ಕರಿ! ಹಾಗಾಗೋದುಂಟಾ? ಚೀಟಿ ಕಿತ್ತು ಅದಲುಬದಲು ಮಾಡಿ ಸರಿಯಾಗಿ ಮುಟ್ಟಿಸ್ದೆ."

ಹೇಳಿ ಮುಗಿಸಿದ ಮೇಲೆ ಅವನಿಗೆ ಎಲ್ಲವೂ ಹೊಳೆಯಿತು: ಇಬ್ಬರೂ ಗುಟ್ಟಾಗಿ ತರಿಸಿದ್ದೇ ಎದುರುಪಕ್ಷದ ಡಬ್ಬಿ. ಹೊಳೆಯುವುದು ಮಿಂಚಿನ ಸ್ವಭಾವ; ಸಿಡಿಲು ಬಿದ್ದ ಮೇಲೆ ಹೊಳೆದದ್ದು ಅವನ ಕರ್ಮ.

"ಹಾಗಾದ್ರೆ ಮೊದಲಿನ ಚೀಟಿ ಸರಿಯಿತ್ತಾ, ತಪ್ಪಿತ್ತಾ?" ಎಂದು ಮ್ಯಾನೇಜರು ಇಬ್ಬರನ್ನೂ ಕೇಳಿದರು.

"ಅದಲ್ಲ ಪ್ರಶ್ನೆ!" ಎಂದು ವಕೀಲರು ಎದ್ದುನಿಂತರು. "ಗಿರಾಕಿಯ ಪಾರ್ಸೆಲ್ಲಿನೊಳಗೆ ಇವನು ಇಣುಕಿದ್ದಾನೆ. ಅವನೇ ಒಪ್ಪಿದ!"

"ಚೀಟಿ ಕಿತ್ತಿದ್ದಾನೆ!" ಎಂದು ಡಾಕ್ಟರು ದನಿಗೂಡಿಸಿದರು. "ವಕೀಲರ ಮಾತಿಗೆ ನನ್ನ ಪೂರ್ತಿ ಬೆಂಬಲ. ಇಂಥವನ್ನ ಬುಡಸಮೇತ ಕೀಳ್ಬೇಕು."

ವರ್ಷಗಳಿಂದ ಯಾರೂ ಮಾಡಲಾಗದ ಸಂಧಾನವನ್ನು ಮಿಂಚು ಒಂದು ಗಳಿಗೆಯಲ್ಲಿ ಮಾಡಿದ್ದ. ಮ್ಯಾನೇಜರು ಕೈಚಾಚಿದರು. ಮಿಂಚು ಬೈಕಿನ ಕೀಲಿಯನ್ನು ಅಂಗೈಯಲ್ಲಿಟ್ಟ.

ಆಫೀಸಿನ ಪಕ್ಕದ ಗೋದಾಮಿಗೆ ಇದ್ದದ್ದು ಒಂದೇ ಕಿಟಕಿ. ಅದರಿಂದ ಹೊರಗೆ ನೋಡಿದರೆ, ಎರಡು ಕಾರುಗಳ ನಡುವಿನ ಸಂದಿಯಲ್ಲಿ ಡಾಕ್ಟರೂ ವಕೀಲರೂ ತಲೆತಗ್ಗಿಸಿ ನಿಂತು ಚೀಲ ಅದಲುಬದಲು ಮಾಡಿಕೊಳ್ಳುತ್ತಿದ್ದರು. ಮಿಂಚು ಬೆಳಿಗ್ಗೆ ಮಾಡಿದ ಕೆಲಸವನ್ನೇ! ಅವರ ಮೇಲೆ ಮಾತ್ರ ಯಾರೂ ದೂರು ಬರೆಯಲಿಲ್ಲ. ಅಷ್ಟರಲ್ಲಿ ಜಿಮ್ ಮಾಸ್ತರರ ಸ್ಕೂಟರು ಆ ದಾರಿಯಲ್ಲಿ ಬಂತು.

"ಬರೀ ಮರಳು!" ಎಂದು ಡಾಕ್ಟರು ಚೀಲವನ್ನು ಎದೆಗವಚಿಕೊಂಡು ಕೂಗಿದರು.

"ಬರೀ ನೀರು!" ಎಂದು ವಕೀಲರು ಕಾರಿನ ಬಾಗಿಲು ಬಡಿದರು.

"ಬನ್ನಿ, ಬನ್ನಿ, ಭಾವನೋರೇ!" ಎಂಬ ದನಿ ಮಿಂಚಿನ ಹಿಂದಿನಿಂದ ಬಂತು. ಹೆಂಡತಿಯ ಅಣ್ಣ ಸೊಂಟದ ಮೇಲೆ ಕೈಯಿಟ್ಟು, ವರ್ಷಗಳ ಹಸಿವು ತೀರಿದವನಂತೆ ನಗುತ್ತಿದ್ದ. "ಕಿಟಕಿ ಯಾಕೆ ನೋಡ್ತೀರಿ? ಎಷ್ಟು ದೊಡ್ಡ ಜಾಗ ನೋಡಿ ಇದು! ಎಲ್ಲಿ ಬೇಕಾದ್ರೂ ಓಡಾಡಿ, ಯಾರೂ ಕೇಳಲ್ಲ. ಸದ್ಯಕ್ಕೆ ಆ ಮೂಲೆಯ ಮೂಟೆ ಈ ಮೂಲೆಗೆ ತಂದಿಡಿ. ಅದು ಮುಗೀತಿದ್ದ ಹಾಗೆ ಬನ್ನಿ, ಇನ್ನೊಂದು ಹೇಳ್ತೀನಿ."